ಉಬ್ಬಿಲ್ಲದ ಮಸೂರ ಮತ್ತು ಪಂಚರತ್ನಂ

ಕೊಡಗಿನ ಶನಿವಾರಸಂತೆಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ: “ಮಸೂರ ಅಂದ್ರೆ ಮಧ್ಯೆ ಉಬ್ಬಿರಬೇಕು ಅಂತ ನಮ್ಮ ಪಾಠದಲ್ಲಿದೆ. ಈಗ ಚಪ್ಪಟೆ ಮಸೂರದಿಂದಲೇ ಲೇಸರ್ ಬೆಳಕನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗೆ ಇಳಿಸ್ತಾರಂತೆ. ಅದು ಹೇಗೆ ಸಾರ್?”

ಎಂಥ ಒಳ್ಳೆಯ ಪ್ರಶ್ನೆ! ಉಬ್ಬಿಲ್ಲದೆ ಮಸೂರವಿಲ್ಲ ಎಂಬ ನಂಬಿಕೆಯನ್ನೇ ಮೊದಲು ಬಿಡಬೇಕು. ಮಸೂರದ ಎಲ್ಲ ಭಾಗಗಳಿಂದ ಹೊರಟ ಅಲೆಗಳು ಒಂದೆಡೆ ಹೆಜ್ಜೆ ತಪ್ಪದೆ ಕೂಡಿದರೆ ಸಾಕು, ಅಲ್ಲಿ ಬೆಳಕು ಗುಂಪುಗೂಡುತ್ತದೆ. 1875ರಲ್ಲಿ ಜಿನೀವಾದ ವಿಜ್ಞಾನಿ ಸೊರೆ ಗಾಜಿನ ಮೇಲೆ ಒಂದರೊಳಗೊಂದು ಕಪ್ಪು ಉಂಗುರಗಳನ್ನು ಬರೆದು, ಹೆಜ್ಜೆ ತಪ್ಪುವ ಅಲೆಗಳನ್ನು ಅಲ್ಲಲ್ಲೇ ತಡೆದ. ಉಳಿದವು ನಾಭಿಯಲ್ಲಿ ಕೂಡಿಕೊಂಡವು. ಮೊಬೈಲಿನ ಫ್ಲ್ಯಾಶ್ ಮೇಲಿನ ಉಂಗುರಗಳೂ ಇವೇ ಎಂದು ಹಲವರು ತಿಳಿಯುತ್ತಾರೆ. ಅಲ್ಲ. ಅಲ್ಲಿರುವುದು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಉಬ್ಬು ಮಸೂರವೇ.

ಬೆಳಕಿನ ಈ ಅಲೆಯಾಟವನ್ನು, ಅಂದರೆ ವಿವರ್ತನೆಯನ್ನು, ಮನೆಯಲ್ಲೇ ನೋಡಬಹುದು. ಕೊಡಗಿನಲ್ಲಿ ಛತ್ರಿಗೇನು ಬರ? ತೆಳು ಬಟ್ಟೆಯದೊಂದನ್ನು ಬಿಚ್ಚಿ, ರಾತ್ರಿ ದೂರದ ಬೀದಿದೀಪವನ್ನು ಬಟ್ಟೆಯ ಮೂಲಕ ನೋಡಿ. ಒಂದು ದೀಪದ ಸುತ್ತ ಬಣ್ಣದಂಚಿನ ಚುಕ್ಕಿಗಳು ಸಾಲುಗಟ್ಟಿರುತ್ತವೆ. ನಾನು ಈಗಲೂ ಮಳೆಗಾಲದಲ್ಲಿ ಅದಕ್ಕೆಂದೇ ನಿಲ್ಲುತ್ತೇನೆ. ಲೇಸರ್ ಪೆನ್ನನ್ನು ಮಾತ್ರ ಎಂದೂ ಹೀಗೆ ನೋಡಬೇಡಿ, ಕಣ್ಣು ಹೋದೀತು.

2016ರಲ್ಲಿ ಹಾರ್ವರ್ಡಿನ ಫೆಡೆರಿಕೊ ಕಪಾಸೊ ತಂಡ ಮಾಡಿದ ಚಪ್ಪಟೆ ಮಸೂರದ ಅಗಲ ಬರೀ 240 ಮೈಕ್ರೊಮೀಟರ್, ಎಂದರೆ ಕಾಲು ಮಿಲಿಮೀಟರಿನಷ್ಟು. ಗಾಜಿನ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಚಪ್ಪಟೆ ಕಂಬಗಳನ್ನು ನಿಲ್ಲಿಸಿದ್ದರು, ಎತ್ತರ 600 ನ್ಯಾನೊಮೀಟರ್. 405 ನ್ಯಾನೊಮೀಟರ್ ಅಲೆಯುದ್ದದ ನೇರಳೆ ಲೇಸರನ್ನು ಅದು ಸುಮಾರು 280 ನ್ಯಾನೊಮೀಟರಿನ ಚುಕ್ಕಿಗೆ ಇಳಿಸಿತು. ಅಲೆಯುದ್ದಕ್ಕಿಂತ ಚುಕ್ಕಿಯೇ ಸಣ್ಣದು! ಬಿಂದುವಿನಷ್ಟಕ್ಕೆ ಇಳಿಸಲು ಮಾತ್ರ ಯಾವ ಮಸೂರಕ್ಕೂ ಆಗದು. ಅಲೆಯುದ್ದದ ಅರ್ಧದ ಆಸುಪಾಸಿನಲ್ಲಿ ನಿಸರ್ಗವೇ ಗೆರೆ ಎಳೆದಿದೆ.

ನನ್ನನ್ನು ಬೆರಗುಗೊಳಿಸುವ ಸಂಗತಿ ಬೇರೆ. ಒಂದು ಮಸೂರದ ಕಂಬಗಳೆಲ್ಲ ಒಂದೇ ಅಳತೆಯವು, ಒಂದೇ ಎತ್ತರದವು. ವ್ಯತ್ಯಾಸ ಇರುವುದು ಅವು ಮುಖ ಮಾಡಿದ ದಿಕ್ಕಿನಲ್ಲಿ ಮಾತ್ರ. ಕಂಪನದ ದಿಕ್ಕು ಸುತ್ತುತ್ತಾ ಸಾಗುವ ಬೆಳಕು ಅಂಥ ಕಂಬವನ್ನು ಹಾಯ್ದಾಗ ಎಡಸುತ್ತು ಬಲಸುತ್ತಾಗುತ್ತದೆ. ಆಗ ಕಂಬವನ್ನು 45 ಡಿಗ್ರಿ ತಿರುಗಿಸಿ ನೆಟ್ಟಿದ್ದರೆ ಅಲೆ 90 ಡಿಗ್ರಿ ಸರಿಯುತ್ತದೆ. 180 ತಿರುಗಿಸಿದರೆ ಪೂರ್ತಿ ಒಂದು ಅಲೆ. ಹೆಚ್ಚು ದೂರ ಕ್ರಮಿಸದೆ, ಹೆಚ್ಚು ಗಾಜು ಹಾಯದೆ, ಬರೀ ತಿರುವಿನಿಂದಲೇ ಅಲೆ ಹಿಂದುಮುಂದಾಗುತ್ತದೆ! ಒಂದೊಂದು ಕಂಬವನ್ನೂ ತಕ್ಕಷ್ಟು ತಿರುಗಿಸಿ ನೆಟ್ಟರೆ ಅಲೆಗಳೆಲ್ಲ ನಾಭಿಯಲ್ಲಿ ಹೆಜ್ಜೆ ತಪ್ಪದೆ ಕೂಡುತ್ತವೆ.

ಇದರ ಬೇರು ಬೆಂಗಳೂರಿನಲ್ಲಿದೆ. 1956ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ, 22ರ ತರುಣ, ಸಿ.ವಿ. ರಾಮನ್ನರ ಸೋದರಿಯ ಮಗ, ಕಂಪನದ ದಿಕ್ಕು ಬದಲಾಗುವುದರಿಂದಲೇ ಇಂಥ ಸರಿತ ಹುಟ್ಟುತ್ತದೆಂದು ತೋರಿಸಿದರು. ಮುಂದೆ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಆಕ್ಸ್‌ಫರ್ಡಿಗೆ ಹೋಗಿ, 1969ರಲ್ಲಿ 35ನೇ ವಯಸ್ಸಿಗೇ ತೀರಿಕೊಂಡರು. 1984ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಮೈಕೆಲ್ ಬೆರ್ರಿ ಕ್ವಾಂಟಂ ಲೋಕದಲ್ಲಿ ಇದೇ ಬಗೆಯದನ್ನು ಕಂಡರು. ಇದು ಪಂಚರತ್ನಂ ಆಗಲೇ ಕಂಡದ್ದಲ್ಲವೇ ಎಂದು 1986ರಲ್ಲಿ ನೆನಪಿಸಿದವರು ವಿಜ್ಞಾನಿಗಳಾದ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ. ಈಗ ಆ ಸರಿತಕ್ಕೆ ಪಂಚರತ್ನಂ, ಬೆರ್ರಿ ಇಬ್ಬರ ಹೆಸರೂ ಇದೆ.

ಪಂಚರತ್ನಂ ಪ್ರಯೋಗ ಮಾಡಿದ ಹರಳುಗಳಲ್ಲಿ ಅಯೋಲೈಟ್ ಒಂದು. ಒಂದು ಕಡೆಯಿಂದ ಕಡುನೀಲಿ, ಇನ್ನೊಂದು ಕಡೆಯಿಂದ ಹೆಚ್ಚುಕಡಿಮೆ ಬಣ್ಣವಿಲ್ಲದ ಕಲ್ಲು. ನೀಲಮಣಿ ಕೊಳ್ಳಲಾಗದವರಿಗೆ ಶನಿಕಾಟ ಕಳೆಯಲೆಂದು ಉಂಗುರಕ್ಕೆ ಕೂರಿಸಿಕೊಡುವುದೂ ಇದನ್ನೇ. ಶನಿಗ್ರಹಕ್ಕೂ ಈ ಕಲ್ಲಿಗೂ ಯಾವ ಸಂಬಂಧವೂ ಇಲ್ಲ. ಬಡವರ ದುಡ್ಡು ಕಸಿಯುವ ಆ ಮಾತನ್ನು ನಂಬಬೇಡಿ. ಕಲ್ಲು ಕೈಗೆ ಸಿಕ್ಕರೆ ಬೆಳಕಿಗೆ ಹಿಡಿದು ತಿರುಗಿಸಿ, ಬಣ್ಣ ಬದಲಾಗುವುದನ್ನು ನೋಡಿ.

ಪಂಚರತ್ನಂ ಲೇಖನ ಅಚ್ಚಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಅಂತರಜಾಲದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಗಣಿತಕ್ಕೆ ಹೆದರದೆ ಮೊದಲ ಪುಟಗಳನ್ನಾದರೂ ಓದಮ್ಮ, ನಿಮ್ಮ ಮೇಷ್ಟರಿಗೂ ತೋರಿಸು.