ಪ್ರತಿಬಿಂಬವೂ ಪ್ರತಿಯೂ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ‘ಶಾಂತಿಪುರಾಣ’ದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಒಂದೆಡೆಯ ಓಲೆಕಟ್ಟು ಗೆದ್ದಲಿಗೋ ಬೆಂಕಿಗೋ ತುತ್ತಾದರೂ ಮತ್ತೊಂದೆಡೆಯದು ಉಳಿಯುತ್ತಿತ್ತು. ಇಂದು ಬರಹವು ಓಲೆಯಿಂದ ಕಾಗದಕ್ಕೂ ಕಾಗದದಿಂದ ಕಂಪ್ಯೂಟರಿನ ಡಿಸ್ಕಿಗೂ ಬಂದಿದೆ. ನಾಶದ ಭಯ ಮಾತ್ರ ಹೋಗಿಲ್ಲ. ಡಿಸ್ಕು ಸಹ ಒಂದು ಯಂತ್ರವೇ ಆದುದರಿಂದ ಎಂದಾದರೊಂದು ದಿನ ಅದು ಕೆಡುವುದು ನಿಶ್ಚಯ.

ಈ ಕೇಡಿಗೆ ತಜ್ಞರು ಕಂಡುಕೊಂಡ ಒಂದು ಉಪಾಯವೆಂದರೆ, ಬರೆಯುವುದೆಲ್ಲವನ್ನೂ ಏಕಕಾಲದಲ್ಲಿ ಎರಡು ಡಿಸ್ಕುಗಳ ಮೇಲೆ ಬರೆಯುವುದು. ಇದನ್ನು ‘ಮಿರರಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ಪ್ರತಿಬಿಂಬ ಕ್ರಮ ಎನ್ನಬಹುದು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಎಂಬ ವಿದ್ವಾಂಸರು ‘ರೇಡ್’ ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಒಂದನೆಯ ಹಂತವೆಂಬ ಸ್ಥಾನವಿದೆ. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕೆಲಸವನ್ನು ಮುಂದುವರಿಸುತ್ತದೆ. ಎರಡು ಡಿಸ್ಕುಗಳ ಬೆಲೆ ತೆತ್ತು ಒಂದರಷ್ಟೇ ಸ್ಥಳವನ್ನು ಪಡೆಯುವುದು ದುಬಾರಿಯೆನಿಸಿದರೂ, ಕ್ಷಣಕಾಲವೂ ನಿಲ್ಲಬಾರದ ಬ್ಯಾಂಕು, ಆಸ್ಪತ್ರೆಗಳ ಕೆಲಸಕ್ಕೆ ಇದು ಸಲ್ಲುತ್ತದೆ.

ಆದರೆ ಕನ್ನಡಿಗೆ ವಿವೇಚನೆಯಿಲ್ಲ. ಮುಖಕ್ಕೆ ಮಸಿ ಹತ್ತಿದರೆ ಅದು ಮಸಿಯನ್ನೂ ತೋರಿಸುತ್ತದೆ. ಗುಮಾಸ್ತನು ಕೈತಪ್ಪಿನಿಂದ ಒಂದು ಕಡತವನ್ನು ಅಳಿಸಿದರೆ ಎರಡು ಡಿಸ್ಕುಗಳಲ್ಲಿಯೂ ಅದು ಒಡನೆಯೇ ಅಳಿಯುತ್ತದೆ. ಕಳ್ಳನು ಯಂತ್ರವನ್ನೇ ಹೊತ್ತುಕೊಂಡು ಹೋದರೆ ಎರಡೂ ಹೋದಂತೆಯೇ. ಪ್ರತಿಬಿಂಬವಿದೆಯೆಂದು ನಿಶ್ಚಿಂತರಾಗುವವರು ಈ ಭೇದವನ್ನು ಗಮನಿಸುವುದಿಲ್ಲ.

ಆದಕಾರಣ ‘ಬ್ಯಾಕಪ್’, ಅಂದರೆ ಬೇರೆಯಾಗಿ ತೆಗೆದಿರಿಸಿದ ಪ್ರತಿಯು ಬೇಕಾಗುತ್ತದೆ. ವಾರಕ್ಕೊಮ್ಮೆ ಪೂರ್ಣ ಪ್ರತಿಯನ್ನೂ ಪ್ರತಿರಾತ್ರಿ ಅಂದಂದಿನ ಬದಲಾವಣೆಗಳನ್ನೂ ತೆಗೆದಿಡುವುದು ವಾಡಿಕೆ. ಹಳೆಯ ದಿನಾಂಕದ ಪ್ರತಿಗಳನ್ನು ಕೂಡಲೇ ಅಳಿಸಬಾರದು. ಎಷ್ಟೋ ತಪ್ಪುಗಳು ತಿಂಗಳುಗಳ ಬಳಿಕ ಕಣ್ಣಿಗೆ ಬೀಳುತ್ತವೆ. ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ ಎಂಬುದು ಬಲ್ಲವರ ನಿಯಮ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ನಗರದಲ್ಲಿ ಓವಿಎಚ್‌ಕ್ಲೌಡ್ ಸಂಸ್ಥೆಯ ದತ್ತಾಂಶ ಕೇಂದ್ರದ ಕಟ್ಟಡವೊಂದು ಸುಟ್ಟುಹೋದಾಗ, ಮೂಲವನ್ನೂ ಪ್ರತಿಯನ್ನೂ ಅಲ್ಲಿಯೇ ಇರಿಸಿದ್ದ ಕೆಲವು ಗ್ರಾಹಕರಿಗೆ ಎರಡೂ ಇಲ್ಲವಾದವು.

ಪ್ರತಿಯನ್ನು ತೆಗೆದಿಟ್ಟರಷ್ಟೇ ಸಾಲದು. ಅದರಿಂದ ಮೂಲವನ್ನು ಮರಳಿ ಪಡೆಯಬಹುದೇ ಎಂದು ಆಗಾಗ ಪರೀಕ್ಷಿಸಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ನೌಕರನೊಬ್ಬನು ಜೋಡಿಯಂತ್ರದ ಕಡತಗಳೆಂದು ಭಾವಿಸಿ ಮೂಲಯಂತ್ರದವನ್ನೇ ಅಳಿಸಿದನು. ದಿನನಿತ್ಯದ ಪ್ರತಿಗಳನ್ನು ಹುಡುಕಿದರೆ ಅವು ಇರಲೇ ಇಲ್ಲ! ಪ್ರತಿ ತೆಗೆಯುವ ತಂತ್ರಾಂಶವು ಹೊಂದಿಕೆಯಾಗದೆ ವಿಫಲವಾಗುತ್ತಿತ್ತು. ಆ ವೈಫಲ್ಯವನ್ನು ತಿಳಿಸುವ ಅಂಚೆಯೂ ಯಾರಿಗೂ ತಲುಪುತ್ತಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಆರು ಗಂಟೆಗಳ ಹಿಂದೆ ತೆಗೆದಿದ್ದ ಒಂದು ಪ್ರತಿಯು ದೈವವಶದಿಂದ ಉಳಿದಿತ್ತು. ಅದರಿಂದ ಎಲ್ಲವನ್ನೂ ಮರಳಿ ನಿಲ್ಲಿಸಲು ಸುಮಾರು 18 ಗಂಟೆಗಳು ಹಿಡಿದವು; ನಡುವಿನ ಆರು ಗಂಟೆಗಳ ದಾಖಲೆಗಳು ಮರಳಲಿಲ್ಲ.