ತಪ್ಪಿದ ಒಂದು ತಿರುವು

ನನ್ನ ಪಿ.ಜಿ. ರೂಮಿಗೆ ಬಂದ ಗೆಳತಿಯರೆಲ್ಲ ಮೊದಲು ಕೇಳುವುದು, ‘ದಿಂಬಿಗೆ ಯಾಕೇ ಇಷ್ಟೊಂದು ಗುಂಡುಪಿನ್ ಚುಚ್ಚಿದ್ದೀಯಾ?’ ಎಂದು. ಯಾರಿಗೋ ಮಾಟ ಮಾಡುತ್ತಿದ್ದೇನೆ ಎಂದು ರೇಗಿಸಿದವರೂ ಇದ್ದಾರೆ. ಅದು ಮಾಟವಲ್ಲ, ಬಾಬಿನ್ ಲೇಸ್!

ಹುಬ್ಬಳ್ಳಿಯಲ್ಲಿ ಬಿಇ ಐದನೇ ಸೆಮಿಸ್ಟರ್ ಓದುತ್ತಿರುವ ನನಗೆ ಇದನ್ನು ಕಲಿಸಿದವರು ಕೆಳಮನೆಯ ನಿವೃತ್ತ ನರ್ಸ್. ನಮ್ಮೆಲ್ಲರ ಬಾಯಲ್ಲಿ ‘ಸಿಸ್ಟರ್ ಆಂಟಿ’. ಅವರ ಊರು ಕನ್ಯಾಕುಮಾರಿ ಜಿಲ್ಲೆಯಲ್ಲಿದೆ. ಅಲ್ಲಿನ ನಾಗರಕೋಯಿಲ್‌ನಲ್ಲಿ 1820ರ ದಶಕದಲ್ಲಿ ಮಾರ್ಥಾ ಮಾಲ್ಟ್ ಎಂಬ ಮಿಷನರಿ ಮಹಿಳೆ ಹೆಣ್ಣುಮಕ್ಕಳಿಗೆ ಈ ಲೇಸ್ ಕಲಿಸಿದ್ದರು. ಯುರೋಪಿನ ಈ ಕೈಕೆಲಸ ಹೀಗೆ ಆ ಕಡೆಯ ಹಳ್ಳಿಗಳಿಗೂ ಬಂತು. ಸ್ಲೊವೇನಿಯಾದ ಇದ್ರಿಯಾ ಪಟ್ಟಣದಲ್ಲಂತೂ 1876ರಿಂದ ಲೇಸ್ ಶಾಲೆಯೇ ಇದೆ. ಆ ದೇಶದ ಬಾಬಿನ್ ಲೇಸ್ 2018ರಲ್ಲಿ ಯುನೆಸ್ಕೊ ಪರಂಪರೆ ಪಟ್ಟಿಗೂ ಸೇರಿತು.

ನನ್ನ ಬಂಡವಾಳ ತೀರಾ ಕಡಿಮೆ. ಥರ್ಮಾಕೋಲ್‌ಗೆ ಹಳೇ ಕಾಟನ್ ದುಪಟ್ಟಾ ಸುತ್ತಿದರೆ ದಿಂಬು. 12 ಪೆನ್ಸಿಲ್ ಅರ್ಧ ಮಾಡಿದರೆ 24 ಬಾಬಿನ್, ಅಂದರೆ 12 ಜೋಡಿ. ವಿನ್ಯಾಸಕ್ಕೆ ಎಂಜಿನಿಯರಿಂಗ್ ಗ್ರಾಫಿಕ್ಸ್‌ನಲ್ಲಿ ಉಳಿದ ಗ್ರಾಫ್ ಶೀಟ್. ಒಮ್ಮೆಗೆ ಎರಡು ಜೋಡಿ, ಅಂದರೆ ನಾಲ್ಕು ಎಳೆ ಹಿಡಿಯಬೇಕು. ನಡುವಿನ ಎರಡರಲ್ಲಿ ಎಡದ್ದನ್ನು ಬಲದ್ದರ ಮೇಲೆ ಹಾಯಿಸಿದರೆ ‘ದಾಟು’. ಪ್ರತಿ ಜೋಡಿಯಲ್ಲೂ ಬಲದ್ದನ್ನು ಎಡದ್ದರ ಮೇಲೆ ಹಾಯಿಸಿದರೆ ‘ತಿರುವು’. ದಾಟು–ತಿರುವು–ದಾಟು ಹಾಕಿದರೆ ಬಟ್ಟೆಯಂತೆ ಒತ್ತಾದ ಹೆಣಿಗೆ. ಕೊನೆಯ ದಾಟು ಬಿಟ್ಟರೆ ಜಾಲರಿ. ಕಂಪ್ಯೂಟರಿನ ಸೊನ್ನೆ, ಒಂದರ ಹಾಗೆ ಎಷ್ಟೇ ಸಂಕೀರ್ಣ ಲೇಸ್ ಆದರೂ ಮೂಲದಲ್ಲಿ ಇವೆರಡೇ.

‘ಅಂಗಡ್ಯಾಗ ಮೀಟರ್‌ಗಟ್ಟಲೆ ಸಿಗೋದಕ್ಕ ಇಷ್ಟ್ಯಾಕ ಒದ್ದಾಡ್ತಿ?’ ಎಂಬುದು ಅಪ್ಪನ ತಕರಾರು. ಅದೂ ಸುಳ್ಳಲ್ಲ. ಜಾನ್ ಹೀತ್‌ಕೋಟ್ ಎಂಬ ಇಂಗ್ಲಿಷ್ ಕುಶಲಕರ್ಮಿ ಲೇಸಿನ ಜಾಲರಿ ಹೆಣೆಯುವ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1809ರಷ್ಟು ಹಿಂದೆ! ಅಪ್ಪನಿಗೆ ಆಗ ಉತ್ತರ ಹೇಳಲು ನನಗೆ ಬರಲಿಲ್ಲ.

ತಿಂಗಳಿಗೊಂದು ಭಾನುವಾರ ಸಿಸ್ಟರ್ ಆಂಟಿಯ ಜೊತೆ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗುತ್ತೇನೆ. ಅಲ್ಲಿ ಒಬ್ಬ ಕಾಕೂ ಅವರ ಮನೆಯ ಪಡಸಾಲೆಯಲ್ಲಿ ಏಳೆಂಟು ಜನ ಸೇರುತ್ತೇವೆ. ಕ್ರೋಶಾ ಹಾಕುವ ಬ್ಯಾಂಕ್ ಉದ್ಯೋಗಿ, ಕೌದಿ ಹೊಲಿಯುವ ಅಜ್ಜಿ, ಕಸೂತಿ ಹಾಕುವ ಕಾಕೂ. ಎಲ್ಲರೂ ತಾವು ಮಾಡಿದ್ದೊಂದನ್ನು ತಂದು, ಇನ್ನೊಬ್ಬರು ಮಾಡಿದ್ದೊಂದನ್ನು ಒಯ್ಯುವುದು ಅಲ್ಲಿನ ರೂಢಿ.

ಮೊದಲ ಸಲ ನಾನು ಒಯ್ದದ್ದು ಲೇಸಿನ ಬುಕ್‌ಮಾರ್ಕ್. ಅರ್ಧ ಹೆಣೆದಾಗಲೇ ಕೆಳಗೆಲ್ಲೋ ಒಂದು ತಿರುವು ತಪ್ಪಿದ್ದು ಕಂಡಿತ್ತು. ಬಿಚ್ಚಲು ಬೇಜಾರಾಗಿ ಮುಗಿಸಿ, ಗಂಜಿ ಹಾಕಿ, ಇಸ್ತ್ರಿ ಒತ್ತಿದ್ದೆ. ಯಾರಿಗೆ ಗೊತ್ತಾಗುತ್ತದೆ?

ಕಾಕೂ ಅದನ್ನು ಕೈಗೆ ತೆಗೆದುಕೊಂಡವರೇ ಮೊದಲು ತಿರುವಿ ಹಿಂಬದಿ ನೋಡಿದರು. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು, ಎಲ್ಲೂ ಗಂಟು ಇರಬಾರದು. ಹಾಗಾಗಿ ಹಿಂಬದಿ ನೋಡುವುದು ಅವರಿಗೆ ಅಭ್ಯಾಸ. ‘ತಂಗಿ, ಇಲ್ಲೊಂದು ಎಳಿ ದಾರಿ ತಪ್ಪೇದ ನೋಡು’ ಎಂದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಸಿಸ್ಟರ್ ಆಂಟಿ ಮಾತ್ರ, ‘ದಿಂಬಿನ ಮೇಲೆ ಇರುವಾಗಲೇ ಬಿಚ್ಚಬೇಕಿತ್ತಮ್ಮ. ಕತ್ತರಿಸಿದ ಮೇಲೆ ಏನೂ ಮಾಡಕ್ಕಾಗಲ್ಲ’ ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಆ ಮಾತು ಕೊರೆಯತೊಡಗಿತು. ಏಕೆಂದರೆ ನಾನು ಮುಚ್ಚಿಟ್ಟದ್ದು ಒಂದು ತಿರುವನ್ನಷ್ಟೇ ಅಲ್ಲ. ಮೂರನೇ ಸೆಮಿಸ್ಟರಿನ ಗಣಿತ ಬ್ಯಾಕ್ ಉಳಿದಿತ್ತು. ಮನೆಯಲ್ಲಿ ‘ಎಲ್ಲಾ ಪಾಸು’ ಎಂದಿದ್ದೆ. ಪರೀಕ್ಷೆಯ ಶುಲ್ಕಕ್ಕೆ ಗೆಳತಿಯ ಹತ್ತಿರ ಸಾಲ ಕೇಳುವ ಯೋಚನೆಯಲ್ಲಿದ್ದೆ. ಮೇಲೆ ಮೇಲೆ ಹೆಣೆಯುತ್ತಾ ಹೋಗಿದ್ದೆ, ಅಷ್ಟೇ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಬೈಗುಳಕ್ಕೆ ಸಿದ್ಧಳಾಗಿಯೇ ಇದ್ದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಫೀ ಎಷ್ಟೈತಿ?’ ಎಂದರು. ಮತ್ತೆ, ‘ಮೊದಲ ಹೇಳಿದ್ರ ಟ್ಯೂಷನ್ನರ ಹಚ್ಚತಿದ್ನಲ್ಲ’ ಎಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಪರೀಕ್ಷೆ ಬರೆದಿದ್ದೇನೆ, ಫಲಿತಾಂಶ ಇನ್ನೂ ಬಂದಿಲ್ಲ. ಈ ನಡುವೆ ಲೇಸ್ ಬಿಚ್ಚುವುದನ್ನೂ ಕಲಿತೆ. ಕೊನೆಗೆ ಹಾಕಿದ್ದನ್ನು ಮೊದಲು ಬಿಚ್ಚಬೇಕು. ತಿರುವಿಗೆ ಉಲ್ಟಾ ತಿರುವು, ದಾಟಿಗೆ ಉಲ್ಟಾ ದಾಟು, ಒಂದೊಂದೇ ಪಿನ್ ಕೀಳುತ್ತಾ. ಒಂದು ಸಂಜೆಯ ಹೆಣಿಗೆ ಬಿಚ್ಚಲು ಇನ್ನೊಂದು ಸಂಜೆ ಬೇಕು. ಅಂಗಡಿಯ ಲೇಸ್ ಇದನ್ನು ಕಲಿಸುವುದಿಲ್ಲ ಎಂದು ಅಪ್ಪನಿಗೆ ಈಗ ಹೇಳಬಲ್ಲೆ.

ಅಂದ ಹಾಗೆ, ಅಂದು ನನ್ನ ತಪ್ಪಿದ ಬುಕ್‌ಮಾರ್ಕನ್ನು ಯಾರೂ ಒಯ್ಯಲಾರರು ಅಂದುಕೊಂಡಿದ್ದೆ. ಕಾಕೂ ತಾವೇ ಇಟ್ಟುಕೊಂಡು, ಕಸೂತಿಯ ಕರವಸ್ತ್ರವೊಂದನ್ನು ನನ್ನ ಕೈಗಿಟ್ಟರು. ರೂಮಿಗೆ ಬಂದು ತಿರುವಿ ನೋಡಿದೆ. ಎರಡೂ ಬದಿ ಒಂದೇ ಥರ!