ದತ್ತು ಹೋಗುವ ಮಗುವಿನ ಮೊದಲ ಕಾಗದ

ಭಾರತದಿಂದ ಸ್ವೀಡನ್ನಿಗೆ ದತ್ತು ಹೋದ ಹೆಣ್ಣುಮಕ್ಕಳು ಅಲ್ಲಿನ ಓರಗೆಯವರಿಗಿಂತ ಬೇಗ ಮೈನೆರೆಯುತ್ತಿದ್ದರು. ಉಪ್ಸಲಾದ ಮಕ್ಕಳ ತಜ್ಞರು ಇದನ್ನು ಗಮನಿಸಿ, ಅಂಥ 107 ಹುಡುಗಿಯರ ಬೆಳವಣಿಗೆಯನ್ನು ಅಧ್ಯಯನ ಮಾಡಿದರು. ಪ್ರೂಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅವರಲ್ಲಿ ಅರ್ಧದಷ್ಟು ಮಂದಿಗೆ 11.6 ವರ್ಷ ತುಂಬುವಷ್ಟರಲ್ಲೇ ಮುಟ್ಟು ಶುರುವಾಗಿತ್ತು. ತೀರಾ ಬೇಗ ಎಂದರೆ ಏಳು ವರ್ಷ ದಾಟುತ್ತಿದ್ದಂತೆಯೇ. ಹೊಟ್ಟೆಗಿಲ್ಲದೆ ಬಡಕಲಾಗಿದ್ದ ಕೂಸಿಗೆ ಒಮ್ಮೆಲೇ ಸಮೃದ್ಧ ಆಹಾರ ಸಿಕ್ಕಿದಾಗ ದೇಹ ಹಿಂದುಳಿದ ಬೆಳವಣಿಗೆಯನ್ನು ಅವಸರದಲ್ಲಿ ತುಂಬಿಕೊಳ್ಳುತ್ತದೆ. ಆ ಅವಸರ ಮೈನೆರೆಯುವಿಕೆಯನ್ನೂ ಮುಂದಕ್ಕೆ ಎಳೆದು ತರುತ್ತದೆ ಎಂಬುದು ತಜ್ಞರ ವಿವರಣೆ. ಬೇಗ ನೆರೆದ ಹುಡುಗಿಯ ಮೂಳೆ ಬೇಗ ಬಲಿತು ಎತ್ತರವೂ ಬೇಗ ನಿಂತುಹೋಗುತ್ತದೆ.

ಇದಕ್ಕೆ ಚಿಕಿತ್ಸೆ ಇದೆ. ಆದರೆ ಎದುರು ಕೂತ ಹುಡುಗಿಗೆ ಏಳು ವರ್ಷವೋ ಒಂಬತ್ತೋ ಎಂಬುದೇ ತಿಳಿಯದಿದ್ದರೆ ವೈದ್ಯರು ಏನು ಮಾಡಬೇಕು? ಎಕ್ಸ್-ರೇ ಮೂಳೆ ಎಷ್ಟು ಬಲಿತಿದೆ ಎಂದು ಹೇಳುತ್ತದೆಯೇ ಹೊರತು ಮಗು ಎಂದು ಹುಟ್ಟಿತು ಎಂದು ಹೇಳುವುದಿಲ್ಲ. ಅದರಲ್ಲೂ ಬೇಗ ನೆರೆಯುವ ಮಕ್ಕಳಲ್ಲಿ ಮೂಳೆಯ ವಯಸ್ಸು ನಿಜದ ವಯಸ್ಸಿಗಿಂತ ಮುಂದಿರುತ್ತದೆ. ಅನಾಥಾಶ್ರಮದಲ್ಲಿ ಯಾರೋ ಮುಖ ನೋಡಿ ಅಂದಾಜಿಗೆ ಬರೆದ ಹುಟ್ಟಿದ ದಿನಾಂಕ ಹತ್ತು ವರ್ಷಗಳ ನಂತರ ಸಾವಿರಾರು ಮೈಲಿ ದೂರದ ಆಸ್ಪತ್ರೆಯಲ್ಲಿ ಕಾಡುವುದು ಹೀಗೆ.

ಆ ದಿನಾಂಕವನ್ನು ಸರಿಯಾಗಿ ಬರೆಯಬಹುದಾದ ಜಾಗ ಇರುವುದು ಕುರೆಕುಪ್ಪದಂಥ ಊರಿನಲ್ಲಿ. ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ, ತೋರಣಗಲ್ಲಿನ ಮಗ್ಗುಲಿನ ಈ ಹಳ್ಳಿ ಜಿಂದಾಲ್ ಉಕ್ಕಿನ ಕಾರ್ಖಾನೆ ಬಂದ ಮೇಲೆ ಬೆಳೆದು ಪುರಸಭೆಯಾಗಿದೆ. ಬಿಹಾರ, ಒಡಿಶಾ, ಜಾರ್ಖಂಡ್‌ ಕಡೆಯ ಗುತ್ತಿಗೆ ಕಾರ್ಮಿಕರು ಈ ಸುತ್ತಿನಲ್ಲಿ ಶೆಡ್ಡು, ಬಾಡಿಗೆ ಕೋಣೆಗಳಲ್ಲಿ ಇರುತ್ತಾರೆ. ಕೆಲಸ ಮುಗಿದರೆ ಗಂಟುಮೂಟೆ ಕಟ್ಟಿ ಹೊರಡುತ್ತಾರೆ. ಸಂಡೂರಿನ ತಾಂಡಾಗಳ ಜನ ದುಡಿಮೆ ಹುಡುಕಿಕೊಂಡು ಹೊರಗೆ ಹೋಗುತ್ತಾರೆ. ಹೊಸಪೇಟೆ, ಕಂಪ್ಲಿ ಕಡೆ ಮಾಜಿ ದೇವದಾಸಿಯರ ಮನೆಗಳಲ್ಲಿ ಅಪ್ಪನ ಹೆಸರು ಕೇಳುವ ಪ್ರತಿ ಅರ್ಜಿಯೂ ತಾಯಂದಿರಿಗೆ ಮುಳ್ಳು. ಹೀಗೆ ಜನ ಸದಾ ಓಡಾಡುವ, ದಾಖಲೆಗೆ ಹೆದರುವ ಕಡೆಯೇ ಮಗುವಿನ ಮೊದಲ ಕಾಗದ ಹರಿದುಹೋಗುತ್ತದೆ.

ಇಲ್ಲಿಂದ ಮಕ್ಕಳು ಸಾಲುಗಟ್ಟಿ ವಿಮಾನ ಹತ್ತುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. 2023–24ರಲ್ಲಿ ಇಡೀ ದೇಶದಲ್ಲಿ ಕಾನೂನುಬದ್ಧವಾಗಿ ದತ್ತು ಹೋದವರು 4,009 ಮಕ್ಕಳು. ಅವರಲ್ಲಿ ವಿದೇಶಕ್ಕೆ ಹೋದವರು 449. ಹಾಗೆ ಹೋಗುವವರಲ್ಲಿ ಈಗ ಹೆಚ್ಚಿನವರು ನಮ್ಮವರು ಬೇಡವೆಂದ ಮಕ್ಕಳು: ಅಂಗವೈಕಲ್ಯ ಅಥವಾ ಕಾಯಿಲೆ ಇರುವವರು, ಇಲ್ಲವೇ ಸ್ವಲ್ಪ ದೊಡ್ಡವರು. ದತ್ತು ನಿಲ್ಲಿಸಿಬಿಡಿ ಎನ್ನುವವರ ಜೊತೆಯಲ್ಲೂ ನಾನಿಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ಅಧ್ಯಯನ ಅನಾಥಾಲಯದ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಸಾಕುಮನೆಗಳಿಗೆ ಕಳಿಸಿ ವರ್ಷಗಟ್ಟಲೆ ಹೋಲಿಸಿ ನೋಡಿತು. ಎರಡು ವರ್ಷದೊಳಗೆ ಮನೆ ಸೇರಿದವರ ಬುದ್ಧಿ, ಬಾಂಧವ್ಯ ಎರಡೂ ಎದ್ದು ಕಾಣುವಷ್ಟು ಚೇತರಿಸಿಕೊಂಡವು. ಮಗುವಿಗೆ ಸಂಸ್ಥೆಗಿಂತ ಮನೆ ಮೇಲು, ಅದರಲ್ಲಿ ಅನುಮಾನವಿಲ್ಲ. ನನ್ನ ಆತಂಕವೆಲ್ಲ ಆ ಮಗು ಯಾವ ಕಾಗದ ಹಿಡಿದು ಹೊರಡುತ್ತದೆ ಎಂಬುದರ ಬಗ್ಗೆ.

ಕಾಗದ ಸುಳ್ಳಾದರೆ ಏನಾಗುತ್ತದೆ ಎಂಬುದಕ್ಕೆ ಈಗ ದೇಶದೇಶಗಳ ಸಾಕ್ಷಿ ಇದೆ. ನೆದರ್ಲೆಂಡ್ಸ್ ಸರ್ಕಾರ ನೇಮಿಸಿದ ಯೌಸ್ಟ್ರಾ ಸಮಿತಿ ಹಳೆಯ ಕಡತ ತೆಗೆದು ನೋಡಿ, ನಕಲಿ ದಾಖಲೆ ಮತ್ತು ಮಕ್ಕಳ ವ್ಯಾಪಾರ ಅಲ್ಲೊಂದು ಇಲ್ಲೊಂದು ನಡೆದದ್ದಲ್ಲ, ವ್ಯವಸ್ಥೆಯಲ್ಲೇ ಬೇರುಬಿಟ್ಟಿತ್ತು ಎಂದು 2021ರಲ್ಲಿ ವರದಿ ಕೊಟ್ಟಿತು. ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗ ತನ್ನ ಸರ್ಕಾರವೇ ಮಕ್ಕಳ ಹಕ್ಕು ಉಲ್ಲಂಘಿಸಿತ್ತು ಎಂದು 2025ರಲ್ಲಿ ಹೇಳಿತು. ಹೆತ್ತವರು ಬದುಕಿದ್ದ ಮಕ್ಕಳನ್ನೂ ಅನಾಥರೆಂದು ಬರೆದು ಕಳಿಸಲಾಗಿತ್ತು. ಸ್ವಿಟ್ಜರ್ಲೆಂಡಿಗೆ 1970ರ ದಶಕದಿಂದ 2002ರವರೆಗೆ ಭಾರತದಿಂದಲೇ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಹೋಗಿದ್ದಾರೆ. ಜ್ಯೂರಿಕ್ ಮತ್ತು ತುರ್ಗಾವ್ ಪ್ರಾಂತಗಳು ಸಂಶೋಧಕರಿಂದ ತನಿಖೆ ಮಾಡಿಸಿದಾಗ, ಪರಿಶೀಲಿಸಿದ ಕಡತಗಳಲ್ಲಿ ಹೆತ್ತ ತಾಯಿಯ ಒಪ್ಪಿಗೆ ಪತ್ರವೇ ಸಿಗಲಿಲ್ಲ. ಆ ಮಕ್ಕಳಲ್ಲಿ ಹಲವರು ಈಗ ನಲವತ್ತರ ಆಸುಪಾಸಿನವರು. ಅಮ್ಮ ಯಾರು ಎಂದು ಕೇಳಿಕೊಂಡು ಭಾರತಕ್ಕೆ ಬರುತ್ತಿದ್ದಾರೆ, ಬಾಗಿಲು ತಟ್ಟುತ್ತಿದ್ದಾರೆ, ಬರಿಗೈಲಿ ಹಿಂತಿರುಗುತ್ತಿದ್ದಾರೆ.

ನಮಗೆ ಇನ್ನೂ ಹತ್ತಿರದ ಪಾಠ ಹೈದರಾಬಾದಿನದು. 1999ರಲ್ಲಿ, ಮತ್ತೆ 2001ರಲ್ಲಿ, ಅಲ್ಲಿನ ಕೆಲವು ದತ್ತು ಕೇಂದ್ರಗಳಿಗೆ ಲಂಬಾಣಿ ತಾಂಡಾಗಳಿಂದ ಹೆಣ್ಣುಕೂಸುಗಳನ್ನು ಮಧ್ಯವರ್ತಿಗಳು ಅಲ್ಪ ಹಣ ಕೊಟ್ಟು ತರುತ್ತಿದ್ದುದು ಬಯಲಾಯಿತು. ಓದುಬರಹ ಇಲ್ಲದ ತಾಯಂದಿರು ಒಪ್ಪಿಗೆ ಪತ್ರಗಳಿಗೆ ಹೆಬ್ಬೆಟ್ಟು ಒತ್ತಿದ್ದರು. ಕಾಗದದ ಮೇಲೆ ಎಲ್ಲವೂ ಕಾನೂನುಬದ್ಧ! ಸಂಡೂರಿನ ತಾಂಡಾಗಳಲ್ಲಿ ಇರುವುದೂ ಅದೇ ಜನ, ಅದೇ ಭಾಷೆ, ಅದೇ ಬಡತನ.

ಕಾನೂನು ಇಲ್ಲವೆಂದಲ್ಲ, ಬಲವಾಗಿಯೇ ಇದೆ. ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಒಂದು ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿದ ಸುಪ್ರೀಂ ಕೋರ್ಟ್ 1984ರಲ್ಲಿ ವಿದೇಶಿ ದತ್ತಿಗೆ ಕಟ್ಟುಪಾಡು ಹಾಕಿತು. 1990ರಲ್ಲಿ ‘ಕಾರಾ’ ಎಂಬ ಕೇಂದ್ರ ದತ್ತು ಪ್ರಾಧಿಕಾರ ಬಂತು. 2003ರಲ್ಲಿ ಭಾರತ ದೇಶದೇಶಗಳ ನಡುವಿನ ದತ್ತಿಗೆ ಸಂಬಂಧಿಸಿದ ಹೇಗ್ ಒಪ್ಪಂದಕ್ಕೆ ಸೇರಿತು. ಈಗಿನ ಬಾಲನ್ಯಾಯ ಕಾಯ್ದೆಯ ಪ್ರಕಾರ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ತಾನಾಗಿ ಮಗು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶ ಇದೆ. ಸಿಕ್ಕ ಮಗುವಿನ ಹೆತ್ತವರಿಗಾಗಿ ಹುಡುಕಾಟ ನಡೆಸಿದ ಮೇಲಷ್ಟೇ, ಎರಡು ವರ್ಷದೊಳಗಿನ ಕೂಸಾದರೆ ಎರಡು ತಿಂಗಳಲ್ಲಿ, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳಲ್ಲಿ, ದತ್ತಿಗೆ ಮುಕ್ತವೆಂದು ಸಮಿತಿ ಘೋಷಿಸಬೇಕು. ವಿದೇಶಿ ದಂಪತಿ ಹಂಪಿ ನೋಡಲು ಬಂದು, ಕಣ್ಣಿಗೆ ಮುದ್ದಾಗಿ ಕಂಡ ಮಗುವನ್ನು ಆರಿಸಿಕೊಂಡು ಹೋಗುವ ಹಾಗಿಲ್ಲ. ತಮ್ಮ ದೇಶದ ಅಧಿಕೃತ ಸಂಸ್ಥೆಯ ಮೂಲಕವೇ ಅರ್ಜಿ ಹಾಕಬೇಕು. 2022ರ ಸೆಪ್ಟೆಂಬರ್‌ನಿಂದ ಕೊನೆಯ ಆದೇಶಕ್ಕೆ ಸಹಿ ಹಾಕುವವರು ಜಿಲ್ಲಾಧಿಕಾರಿ.

ಆದರೆ ಇಷ್ಟೆಲ್ಲ ತಪಾಸಣೆ ನಡೆಯುವುದು ಮೊದಲ ದಿನ ಬರೆದ ಕಾಗದದ ಮೇಲೆ. ಅಲ್ಲಿ ತಪ್ಪಿದ್ದರೆ ಆಮೇಲಿನ ಪ್ರತಿ ಮೊಹರೂ ತಪ್ಪನ್ನೇ ಗಟ್ಟಿ ಮಾಡುತ್ತದೆ.

ಒಂದು ಸನ್ನಿವೇಶ ಊಹಿಸಿ. ತೋರಣಗಲ್ಲು ರೈಲು ನಿಲ್ದಾಣದ ಬಳಿ ಹಸುಗೂಸು ಸಿಗುತ್ತದೆ. ಹಳೆಯ ಸೀರೆಯ ತುಂಡಿನಲ್ಲೋ ಕೌದಿಯಲ್ಲೋ ಸುತ್ತಿರುತ್ತಾರೆ, ಸೊಂಟಕ್ಕೆ ಉಡಿದಾರ, ಕೊರಳಲ್ಲಿ ತಾಯತ. ಮೊದಲು ಎತ್ತಿಕೊಂಡವರು ಮಾಡುವ ಕೆಲಸ ಏನು? ಕೊಳಕೆಂದು ಬಟ್ಟೆ ಬಿಸಾಡಿ, ದಾರ ಕತ್ತರಿಸಿ, ಮಗುವಿಗೆ ಸ್ನಾನ ಮಾಡಿಸಿ ಹೊಸ ಅಂಗಿ ಹಾಕುವುದು. ಕರುಣೆಯಿಂದಲೇ ಮಾಡುತ್ತಾರೆ. ಆದರೆ ಕೌದಿಯ ಹೊಲಿಗೆ ಯಾವ ಸೀಮೆಯದು, ತಾಯತ ಯಾವ ದರ್ಗಾ ಅಥವಾ ಗುಡಿಯದು, ಹೊಕ್ಕುಳಬಳ್ಳಿ ಒಣಗಿತ್ತೋ ಹಸಿ ಇತ್ತೋ, ಅದನ್ನು ಆಸ್ಪತ್ರೆಯ ಕ್ಲಿಪ್ಪಿನಿಂದ ಹಿಡಿದಿತ್ತೋ ನೂಲಿನಿಂದ ಕಟ್ಟಿತ್ತೋ ಎಂಬ ವಿವರಗಳಲ್ಲಿ ಹುಟ್ಟಿದ ದಿನ, ಊರು, ಹೆರಿಗೆಯಾದ ಬಗೆ ಎಲ್ಲದರ ಸುಳಿವೂ ಇತ್ತು. ಹಸಿ ಹೊಕ್ಕುಳಬಳ್ಳಿಯ ಒಂದು ಫೋಟೊ ಮುಂದೆ ಮಗುವಿನ ವಯಸ್ಸನ್ನು ದಿನಗಳ ಅಂತರದಲ್ಲಿ ಹೇಳಬಲ್ಲದು. ವರ್ಷ ಕಳೆದ ಮೇಲೆ ಯಾವ ಪ್ರಯೋಗಾಲಯವೂ ಅಷ್ಟು ನಿಖರವಾಗಿ ಹೇಳಲಾರದು. ಡಿಎನ್‌ಎ ಪರೀಕ್ಷೆ ಇದೆಯಲ್ಲ ಎನ್ನಬಹುದು. ಅದು ಫಲ ಕೊಡುವುದು ರಕ್ತಸಂಬಂಧಿಯೊಬ್ಬರೂ ಪರೀಕ್ಷೆ ಮಾಡಿಸಿಕೊಂಡಿದ್ದರೆ ಮಾತ್ರ. ಶೆಡ್ಡಿನಲ್ಲಿರುವ ತಾಯಿ ಯಾವ ಕಂಪನಿಗೆ ಎಂಜಲು ಕಳಿಸಿಯಾಳು?

ಅಪಾಯ ಹೆಚ್ಚುತ್ತಿದೆ ಎನ್ನಲು ಕಾರಣಗಳಿವೆ. ದತ್ತು ಬಯಸಿ ಹೆಸರು ನೋಂದಾಯಿಸಿದವರು ದೇಶದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು. ಕಾನೂನಿನಂತೆ ಮುಕ್ತರಾದ ಮಕ್ಕಳು ಅದರ ಹತ್ತನೇ ಒಂದು ಭಾಗದ ಆಸುಪಾಸು. ಸರದಿ ಬರಲು ವರ್ಷಗಳೇ ಬೇಕು. ಈ ಅಂತರದಲ್ಲೇ ದಲ್ಲಾಳಿ ಹುಟ್ಟುತ್ತಾನೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ನವಜಾತ ಶಿಶುಗಳನ್ನು ಲಕ್ಷಗಟ್ಟಲೆ ಹಣಕ್ಕೆ ಮಾರುತ್ತಿದ್ದ ಜಾಲವೊಂದನ್ನು ಹಿಡಿದರು. ಹೀಗೆ ಮಾರಾಟವಾದ ಮಗು ಸಾಕಿದವರದೇ ಎಂಬಂತೆ ನಕಲಿ ಜನನ ಪ್ರಮಾಣಪತ್ರ ಮಾಡಿಸಿಬಿಟ್ಟರೆ ಅದರ ಮೂಲ ಪೂರ್ತಿ ಅಳಿಸಿಹೋಗುತ್ತದೆ. 2023ರ ಅಕ್ಟೋಬರ್‌ನಿಂದ ಈಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಏಕೈಕ ಆಧಾರ. ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲಕ್ಕೂ ಅದೇ. ಅಂದರೆ ಮೊದಲ ಸುಳ್ಳಿಗೆ ಮೊದಲಿಗಿಂತ ಹೆಚ್ಚಿನ ಬಲ ಬಂದಿದೆ.

ಇತ್ತ ಮಕ್ಕಳನ್ನು ಸ್ವೀಕರಿಸುತ್ತಿದ್ದ ದೇಶಗಳು ಬಾಗಿಲು ಮುಚ್ಚುತ್ತಿವೆ. ಡೆನ್ಮಾರ್ಕ್‌ನಲ್ಲಿ ಉಳಿದಿದ್ದ ಏಕೈಕ ಸಂಸ್ಥೆ ವಿದೇಶಿ ದತ್ತು ಕೆಲಸ ನಿಲ್ಲಿಸುವುದಾಗಿ 2024ರ ಜನವರಿಯಲ್ಲಿ ಪ್ರಕಟಿಸಿತು. ನೆದರ್ಲೆಂಡ್ಸ್ ಹಂತಹಂತವಾಗಿ ನಿಲ್ಲಿಸುತ್ತಿದೆ. ಸ್ವಿಟ್ಜರ್ಲೆಂಡ್ ಸರ್ಕಾರ 2025ರಲ್ಲಿ ಅದೇ ದಾರಿ ಹಿಡಿಯುವುದಾಗಿ ಹೇಳಿದೆ. ಅಲ್ಲಿನ ಸಂಸ್ಥೆಗಳು ಮುಚ್ಚಿದಂತೆಲ್ಲ ಹುಡುಕುವವರಿಗೆ ಉಳಿಯುವುದು ಇಲ್ಲಿನ ಕಡತ ಮಾತ್ರ. ಇಲ್ಲಿ ನೋಡಿದರೆ 2014ರಲ್ಲಿ ಇಂಗ್ಲಿಷ್‌ನಲ್ಲಿ ಹಾಸ್ಪೆಟ್ ಹೋಗಿ ಹೊಸಪೇಟೆ, ಬೆಲ್ಲಾರಿ ಹೋಗಿ ಬಳ್ಳಾರಿ ಆಯಿತು. 2021ರಲ್ಲಿ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಹೋದವು. ಸಂಡೂರು, ಕಂಪ್ಲಿ, ಕುರೆಕುಪ್ಪ ಬಳ್ಳಾರಿಯಲ್ಲೇ ಉಳಿದವು. ಹಳೆಯ ಇಂಗ್ಲಿಷ್ ಹೆಸರಿರುವ ಕಾಗದ ಹಿಡಿದು ಯುರೋಪಿನಿಂದ ಬಂದವರು ಯಾವ ಜಿಲ್ಲೆಯ ಯಾವ ಕಚೇರಿಗೆ ಹೋಗಬೇಕು? ಎರಡೂ ಜಿಲ್ಲಾಡಳಿತಗಳು ಕೂತು, 2021ಕ್ಕೆ ಮುಂಚಿನ ಮಕ್ಕಳ ಕಡತಗಳು ಎಲ್ಲಿವೆ ಎಂದು ಪಟ್ಟಿ ಮಾಡಿ ಸ್ಕ್ಯಾನ್ ಮಾಡಿಸಿಡುವುದು ತುರ್ತಿನ ಕೆಲಸ. ಗೆದ್ದಲು, ಮಳೆ, ಕಚೇರಿ ಸ್ಥಳಾಂತರ ಇವು ಯಾರ ಅನುಮತಿಗೂ ಕಾಯುವುದಿಲ್ಲ.

ಬೇರು ಕಳೆದುಕೊಂಡವರ ಮನಸ್ಸಿನ ಮೇಲೂ ಅಧ್ಯಯನಗಳಾಗಿವೆ. ಸ್ವೀಡನ್ನಿನ ಹ್ಯೆರ್ನ್ ಮತ್ತು ಸಂಗಡಿಗರು 2002ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ಅಧ್ಯಯನ, ವಿದೇಶದಿಂದ ದತ್ತು ಬಂದ 11 ಸಾವಿರಕ್ಕೂ ಹೆಚ್ಚು ಮಂದಿಯನ್ನು ಅಲ್ಲಿನ ಉಳಿದವರೊಡನೆ ಹೋಲಿಸಿತು. ಆತ್ಮಹತ್ಯೆಗೆ ಯತ್ನಿಸುವ ಅಪಾಯ ದತ್ತು ಬಂದವರಲ್ಲಿ ಮೂರೂವರೆ ಪಟ್ಟಿನಷ್ಟಿತ್ತು. ಹೆಚ್ಚಿನವರು ಯಾವ ತೊಂದರೆಯೂ ಇಲ್ಲದೆ ಬದುಕು ಕಟ್ಟಿಕೊಂಡಿದ್ದರು ಎಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ, ಮತ್ತು ಆ ಅಪಾಯಕ್ಕೆ ಕಾಗದವೊಂದೇ ಕಾರಣವೂ ಅಲ್ಲ. ಆದರೆ ಮಗುವಿನ ಮೂಲದ ಮಾಹಿತಿ ಕಾಪಾಡುವ ಹೊಣೆಯನ್ನು ಹೇಗ್ ಒಪ್ಪಂದ ಸರ್ಕಾರಗಳ ಮೇಲೆ ಹೊರಿಸಿರುವುದು ಸುಮ್ಮನೆ ಅಲ್ಲ.

ಹಾಗಾಗಿ ಕುರೆಕುಪ್ಪ, ತೋರಣಗಲ್ಲು, ಸಂಡೂರಿನ ಓದುಗರಲ್ಲಿ ನನ್ನ ಕೋರಿಕೆ ಇದು. ನಿಮ್ಮ ಓಣಿಯಲ್ಲಿ, ಶೆಡ್ಡಿನಲ್ಲಿ ಹುಟ್ಟಿದ ಪ್ರತಿ ಮಗುವಿನ ಜನನವನ್ನೂ 21 ದಿನದೊಳಗೆ ನೋಂದಾಯಿಸಲು ನೆರವಾಗಿ. ಮದುವೆಯಾಗದ ತಾಯಿಯಿಂದ ಅಪ್ಪನ ಹೆಸರು ಕೇಳಿ ಪ್ರಮಾಣಪತ್ರ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಬಡತನಕ್ಕೆ ಹೆದರಿ ಕೂಸನ್ನು ಯಾರದೋ ಮಡಿಲಿಗೆ ಹಾಕಲು ಹೊರಟ ತಾಯಿ ಕಂಡರೆ, ದಲ್ಲಾಳಿ ಅವಳ ಬಳಿ ಹೋಗುವ ಮೊದಲು ನೀವು ಹೋಗಿ. ಮಗು ಸಿಕ್ಕರೆ ಸುತ್ತಿದ ಬಟ್ಟೆ, ದಾರ, ತಾಯತ ಏನನ್ನೂ ಎಸೆಯಬೇಡಿ. ಫೋಟೊ ತೆಗೆದು, ಸಿಕ್ಕ ಜಾಗ ಮತ್ತು ಸಮಯ ಬರೆದು, ಎಲ್ಲವನ್ನೂ ಮಗುವಿನ ಜೊತೆಗೇ ಒಪ್ಪಿಸಿ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ.